ಮೊದಲ ಕುರ್ಚಿಯಲ್ಲಿ 57 ವರ್ಷ

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಹಿರಿಯರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಗುರುಗಳಿಗೆ, ಪಿಟೀಲಿನ ಪೆಟ್ಟಿಗೆಯನ್ನು ತೊಡೆ ಮೇಲಿಟ್ಟುಕೊಂಡು ಕೂತಿರುವ ನಮ್ಮ ಹುಡುಗ ಹುಡುಗಿಯರಿಗೆ.

ಬೆಳಗಾವಿಯಲ್ಲಿ ನಿಂತು ಗಾಯಕರ ಬಗ್ಗೆ ಮಾತಾಡುವುದು ಸುಲಭ. ಇಲ್ಲೇ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹೆಸರು ತೆಗೆದರೆ ಸಾಕು, ಮುಂದಿನ ಅರ್ಧ ತಾಸು ನೀವೇ ನನಗೆ ಹೇಳುತ್ತೀರಿ. ಆದರೆ ಇವತ್ತು ನಾನು ಹಾಡದವರೊಬ್ಬರ ಬಗ್ಗೆ, ವೇದಿಕೆಯ ನಟ್ಟನಡುವೆ ಕೂರದವರೊಬ್ಬರ ಬಗ್ಗೆ ಮಾತಾಡಲು ಬಂದಿದ್ದೇನೆ. ಹೆಸರು ಆರ್ನಾಲ್ಡ್ ರೋಜೆ. ಊರು ವಿಯೆನ್ನಾ. ಪಿಟೀಲು ವಾದಕರು. 1881ರಿಂದ 1938ರವರೆಗೆ, ಅಂದರೆ 57 ವರ್ಷ, ಆ ಊರಿನ ಒಪೇರಾದ, ಅಂದರೆ ಹಾಡಿನ ನಾಟಕದ ಮನೆಯ, ವಾದ್ಯವೃಂದದ ಕನ್ಸರ್ಟ್‌ಮಾಸ್ಟರ್.

ಅಷ್ಟು ದೂರದವರು ನಮಗ್ಯಾಕೆ ಅಂತ ಕೇಳಬಹುದು. ಕಾರಣ ಇದೆ. ಈಚೆಗೆ ಒಂದು ಗಾಯನ ಕಾರ್ಯಕ್ರಮದ ಆಮಂತ್ರಣ ಕೈಗೆ ಬಂತು. ಗಾಯಕರ ದೊಡ್ಡ ಫೋಟೊ ಇತ್ತು. ಉದ್ಘಾಟಕರು, ಅಧ್ಯಕ್ಷರು, ಅತಿಥಿಗಳು, ಪ್ರಾಯೋಜಕರು, ಎಲ್ಲರ ಹೆಸರೂ ಇದ್ದವು. ತಬಲಾ ಯಾರು, ಪೇಟಿ ಯಾರು, ಪಿಟೀಲು ಯಾರು ಅನ್ನುವುದು ಎಲ್ಲೂ ಇರಲಿಲ್ಲ. ಮೂರು ತಾಸು ಆ ಗಾಯಕರ ಬೆನ್ನಿಗೆ ನಿಂತವರ ಹೆಸರು ಹಾಕಲು ಜಾಗ ಸಿಗಲಿಲ್ಲ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಜೊತೆಗೆ ನುಡಿಸುವುದು ಒಂಟಿಯಾಗಿ ನುಡಿಸುವುದಕ್ಕಿಂತ ಸಣ್ಣ ವಿದ್ಯೆ ಅಲ್ಲ. ಈ ಮಾತನ್ನು ಇವತ್ತು ನಾಲ್ಕಾರು ಸಲ ಹೇಳುತ್ತೇನೆ, ಕೇಳಿಸಿಕೊಳ್ಳಿ.

ಮೊದಲು ಕನ್ಸರ್ಟ್‌ಮಾಸ್ಟರ್ ಮಾಡುವ ಕೆಲಸ ಏನು ಅಂತ ನೋಡೋಣ. ಏಣಗಿ ಬಾಳಪ್ಪನವರ ನಾಟಕ ನೋಡಿದ ಹಿರಿಯರು ಇಲ್ಲಿ ಇದ್ದೀರಿ. ಕಂಪನಿ ನಾಟಕದಲ್ಲಿ ಕಾಲುಪೇಟಿ ಮುಂದೆ ಕೂತ ಪೇಟಿ ಮಾಸ್ತರರನ್ನು ನೆನಪು ಮಾಡಿಕೊಳ್ಳಿ. ನಟ ಬಾಯಿ ತೆರೆಯುವ ಮೊದಲೇ ಸ್ವರ ಕೊಡುವವರು ಅವರು. ನಟ ಒಂದು ಸಾಲು ಮರೆತರೆ ಎರಡು ಆವರ್ತನ ಸುಮ್ನೆ ಸುತ್ತಾಡಿಸಿ ಅವನನ್ನು ದಡಕ್ಕೆ ತರುವವರು. ತಬಲಜಿಗೆ ಕಣ್ಣಲ್ಲೇ ಸೂಚನೆ ಕೊಡುವವರು. ನೂರು ಜನರ ವಾದ್ಯವೃಂದದಲ್ಲಿ ಆ ಹೊಣೆ ಹೊತ್ತು ಕೂರುವವರೇ ಕನ್ಸರ್ಟ್‌ಮಾಸ್ಟರ್.

ಅವರ ಕುರ್ಚಿ ಕಂಡಕ್ಟರನ, ಅಂದರೆ ಕೋಲು ಹಿಡಿದು ಇಡೀ ವಾದ್ಯವೃಂದವನ್ನು ನಡೆಸುವವನ, ಎಡಗೈ ಪಕ್ಕದಲ್ಲಿ, ಸಭಿಕರಿಗೆ ಹತ್ತಿರದಲ್ಲಿ. ಪಿಟೀಲಿನವರು ಇಬ್ಬಿಬ್ಬರಾಗಿ ಒಂದೊಂದು ಸ್ಟ್ಯಾಂಡ್ ಹಂಚಿಕೊಂಡು ಕೂರುತ್ತಾರೆ. ಹಾಳೆ ಮುಗಿದಾಗ ಒಳಗಡೆ ಕೂತವರು ನುಡಿಸುವುದು ನಿಲ್ಲಿಸಿ ಪುಟ ತಿರುವುತ್ತಾರೆ. ಹೊರಗಡೆಯವರು ನಿಲ್ಲಿಸುವುದಿಲ್ಲ, ನಾದ ಕಡಿಯಬಾರದಲ್ಲ. ಇನ್ನು ಕಮಾನು. ಯಾವ ಸ್ವರಕ್ಕೆ ಕಮಾನು ಮೇಲೆ ಹೋಗಬೇಕು, ಯಾವುದಕ್ಕೆ ಕೆಳಗೆ ಬರಬೇಕು, ಒಂದೇ ಎಳೆತದಲ್ಲಿ ಎಷ್ಟು ಸ್ವರ ಬರಬೇಕು, ಇದನ್ನೆಲ್ಲ ಕನ್ಸರ್ಟ್‌ಮಾಸ್ಟರ್ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾರೆ. ಅದು ಹಿಂದಿನ ಸ್ಟ್ಯಾಂಡುಗಳಿಗೆಲ್ಲ ನಕಲಾಗುತ್ತದೆ. ಹದಿನಾರು ಕಮಾನು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದನ್ನು ಟೀವಿಯಲ್ಲಿ ನೋಡಿ ಚೆಂದ ಅಂತೀವಿ ಅಲ್ವಾ? ಆ ಚೆಂದದ ಹಿಂದೆ ಒಂದು ಪೆನ್ಸಿಲ್ ಇದೆ.

ಕಂಡಕ್ಟರನ ಕೋಲಿಗೆ ದನಿ ಇಲ್ಲ. ಕೋಲು ಯಾವ ಕ್ಷಣಕ್ಕೆ ನಾದ ಆಗಬೇಕು ಅನ್ನುವುದನ್ನು ಹಿಂದೆ ಕೂತವರು ಮೊದಲ ಕುರ್ಚಿಯವರ ಹೆಗಲು ನೋಡಿ ತಿಳಿಯುತ್ತಾರೆ. ರೋಜೆಯವರ ಕಾಲದಲ್ಲಿ ಕಂಡಕ್ಟರಾಗಿ ಹಾನ್ಸ್ ರಿಕ್ಟರ್ ಬಂದರು, ದೊಡ್ಡ ಸಂಗೀತ ರಚನೆಕಾರರೂ ಆಗಿದ್ದ ಗುಸ್ತಾವ್ ಮಾಹ್ಲರ್ ಬಂದರು, ವೈನ್‌ಗಾರ್ಟ್‌ನರ್, ಶಾಲ್ಕ್, ರಿಚರ್ಡ್ ಸ್ಟ್ರಾಸ್, ಕ್ಲೆಮೆನ್ಸ್ ಕ್ರೌಸ್. ಎಲ್ಲರೂ ಬಂದರು, ಹೋದರು. ಮೊದಲ ಕುರ್ಚಿಯಲ್ಲಿ ಇದ್ದವರು ಇವರೇ.

ಅವರು ಹುಟ್ಟಿದ್ದು 1863ರಲ್ಲಿ, ಈಗಿನ ರೊಮೇನಿಯಾದ ಯಾಶ್ ಎಂಬ ಊರಿನಲ್ಲಿ. ಯಹೂದಿ ಮನೆತನ, ಮೊದಲ ಅಡ್ಡಹೆಸರು ರೋಜೆನ್‌ಬ್ಲುಮ್. ಒಪೇರಾದ ಕುರ್ಚಿ ಸಿಕ್ಕಾಗ ಇನ್ನೂ 17ರ ಹುಡುಗ. ಮುಂದಿನ ವರ್ಷ, 1882ರಲ್ಲಿ, ತಮ್ಮದೇ ನಾಲ್ಕು ಜನರ ತಂಡ ಕಟ್ಟಿದರು: ರೋಜೆ ಕ್ವಾರ್ಟೆಟ್. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲಾ, ಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವ ಒಂದು ಚೆಲ್ಲೊ. 1890ರಲ್ಲಿ ಹೆಸರಾಂತ ರಚನೆಕಾರ ಬ್ರಾಮ್ಸ್ ತಮ್ಮ ಹೊಸ ಕ್ವಿಂಟೆಟ್ಟನ್ನು, ಅಂದರೆ ಐದು ವಾದ್ಯಗಳ ಕೃತಿಯನ್ನು, ಮೊದಲ ಸಲ ಜನರ ಮುಂದೆ ಇಡಲು ಈ ತಂಡಕ್ಕೇ ಕೊಟ್ಟರು, ಐದನೆಯವರೊಬ್ಬರನ್ನು ಸೇರಿಸಿಕೊಂಡು ನುಡಿಸಿದರು.

ಸಂಬಂಧದ ವಿಷಯ ಹೇಳಿದರೆ ನಮ್ಮ ತಾಯಂದಿರಿಗೆ ಖುಷಿ ಆಗುತ್ತದೆ. ಅಣ್ಣ ಎಡುವಾರ್ಡ್ ಚೆಲ್ಲೊ ವಾದಕರು. ಅವರು ಮಾಹ್ಲರನ ತಂಗಿ ಎಮ್ಮಾಳನ್ನು ಮದುವೆಯಾದರು. ತಮ್ಮ ಆರ್ನಾಲ್ಡ್ ಇನ್ನೊಬ್ಬ ತಂಗಿ ಜಸ್ಟೀನಾಳನ್ನು. 1902ರ ಮಾರ್ಚ್ 9ಕ್ಕೆ ಮಾಹ್ಲರನ ಮದುವೆ, ಮರುದಿನ ಜಸ್ಟೀನಾಳದು. ಒಂದೇ ಮನೆಗೆ ಇಬ್ಬರು ಹೆಣ್ಣುಮಕ್ಕಳನ್ನು ಕೊಡುವ ರೂಢಿ ನಮ್ಮ ಕಡೆಯದು ಮಾತ್ರ ಅಂದುಕೊಂಡಿದ್ದೆವು!

ಈಗ ನನಗೆ ತುಂಬಾ ಇಷ್ಟವಾದ ಪ್ರಸಂಗ. ನಮ್ಮ ಕ್ಲಾಸಿನ ಮಕ್ಕಳು ಎಷ್ಟೋ ಸಲ ಕೇಳಿದ್ದಾರೆ, ಇನ್ನೊಮ್ಮೆ ಕೇಳಲಿ.

1908ರ ಡಿಸೆಂಬರ್ 21. ವಿಯೆನ್ನಾದ ಬ್ಯೋಸೆನ್‌ಡಾರ್ಫರ್ ಸಭಾಂಗಣ. ಆರ್ನಾಲ್ಡ್ ಶೋನ್‌ಬರ್ಗ್ ಎಂಬ ಹೊಸಬ ಸಂಗೀತಗಾರನ ಎರಡನೆಯ ಕ್ವಾರ್ಟೆಟ್, ಅಂದರೆ ನಾಲ್ಕು ವಾದ್ಯಗಳ ಕೃತಿ, ಮೊದಲ ಸಲ ಜನರ ಮುಂದೆ ಬರುತ್ತಿದೆ. ಆತನ ಸಂಗೀತ ಊರಿನ ಬಹಳ ಮಂದಿಗೆ ಆಗುತ್ತಿರಲಿಲ್ಲ. ರೋಜೆಯವರಿಗೆ ಆಗ ರಾಜನ ಒಪೇರಾದಲ್ಲಿ ಗಟ್ಟಿ ನೌಕರಿ. ಒಳ್ಳೆಯ ಹೆಸರು. ಬೀಥೋವನ್, ಮೊಜಾರ್ಟ್ ನುಡಿಸಿಕೊಂಡು ಆರಾಮಾಗಿ ಇರಬಹುದಿತ್ತು. ಹೊಸಬನ ಕಷ್ಟದ ಕೃತಿ ಕೈಗೆತ್ತಿಕೊಂಡು ಬೈಸಿಕೊಳ್ಳುವ ಗರಜೇ ಇರಲಿಲ್ಲ. ಆದರೂ ನಾಲ್ಕು ಜನ ಕೂತರು. ರೋಜೆ, ಫಿಷರ್, ರುಜಿಟ್ಸ್ಕಾ, ಬುಕ್ಸ್‌ಬೌಮ್. ನಾಲ್ಕೂ ಹೆಸರನ್ನು ಬೇಕಂತಲೇ ಹೇಳುತ್ತಿದ್ದೇನೆ.

ಕೃತಿಯಲ್ಲಿ ನಾಲ್ಕು ಭಾಗ. ಮೊದಲನೆಯದು ಮುಗಿಯಿತು. ಚಪ್ಪಾಳೆಯೂ ಇಲ್ಲ, ಬೈಗುಳವೂ ಇಲ್ಲ. ಎರಡನೆಯದು ಶುರುವಾದ ಸ್ವಲ್ಪ ಹೊತ್ತಿಗೇ ಸಭೆಯಲ್ಲಿ ನಗು ಎದ್ದಿತು. ಆ ಭಾಗದ ನಡುವೆ ಊರಿನವರಿಗೆಲ್ಲ ಗೊತ್ತಿದ್ದ ಒಂದು ಬೀದಿ ಹಾಡಿನ ಧಾಟಿ ಬೇರೆ ಬರುತ್ತದೆ. ನಗು ಇನ್ನೂ ಜಾಸ್ತಿ ಆಯಿತು. ನಿಲ್ಲಿಸಿ ಅಂತ ಒಂದು ಕಡೆಯವರ ಕೂಗು, ಸುಮ್ಮನಿರಿ ಅಂತ ಇನ್ನೊಂದು ಕಡೆಯವರ ಕೂಗು. ಮೂರನೆಯ ಭಾಗಕ್ಕೆ ಒಬ್ಬ ಗಾಯಕಿ ಎದ್ದು ನಿಂತರು. ಮಾರೀ ಗುಥೈಲ್ ಶೋಡರ್, ಒಪೇರಾದ ದೊಡ್ಡ ಹೆಸರು. ಗಾಯಕಿಯನ್ನು ನೋಡಿಯಾದರೂ ಜನ ಸುಮ್ಮನಾದರೇ? ಇಲ್ಲ. ನಾಲ್ಕನೆಯ ಭಾಗದಲ್ಲೂ ಗದ್ದಲವೇ.

ಆ ನಾಲ್ಕು ಜನರ ಸ್ಥಿತಿ ಯೋಚಿಸಿ. ಎದುರಿನ ಸಭೆ ನಗುತ್ತಿದೆ. ಪಕ್ಕದವನ ಸ್ವರ ಕೇಳಿಸಿದರೆ ತಾನೇ ತನ್ನ ಸ್ವರ ಕೂಡುವುದು? ಗದ್ದಲದಲ್ಲಿ ಅದು ಕೇಳಿಸುವುದಿಲ್ಲ. ಉಳಿದದ್ದು ಕಣ್ಣು ಮತ್ತು ಕಮಾನು. ಒಬ್ಬರ ಕಮಾನಿನ ತುದಿ ನೋಡಿ ಇನ್ನೊಬ್ಬರು ಹೆಜ್ಜೆ ಇಡಬೇಕು. ಒಂಟಿ ವಾದಕನಾದರೆ ಸಿಟ್ಟು ಮಾಡಿಕೊಂಡು ಎದ್ದು ಹೋಗಬಹುದು. ಇಲ್ಲಿ ಒಬ್ಬರು ಎದ್ದರೆ ಮೂವರು ಬೀಳುತ್ತಾರೆ. ಯಾರೂ ಏಳಲಿಲ್ಲ.

ಆಮೇಲೆ ನಡೆದದ್ದನ್ನು ಶೋನ್‌ಬರ್ಗ್ ಮುಂದೆ ತಾನೇ ಬರೆದಿದ್ದಾನೆ. ಗಾಯಕಿಯ ಪಾಲು ಮುಗಿಯಿತು. ನಾಲ್ಕನೆಯ ಭಾಗದ ಕೊನೆಗೆ ನಾಲ್ಕು ವಾದ್ಯಗಳೇ ನುಡಿಸುವ ಉದ್ದನೆಯ ಒಂದು ತುಣುಕು ಉಳಿದಿತ್ತು. ಹಾಡುವ ಹೆಣ್ಣುಮಗಳಿಗೂ ಮರ್ಯಾದೆ ಕೊಡದ ಅದೇ ಸಭೆ, ಆ ಕೊನೆಯ ತುಣುಕನ್ನು ಒಂದು ಸದ್ದೂ ಮಾಡದೆ ಕೇಳಿತು.

ಯಾಕೆ ಕೇಳಿತು? ಜನಕ್ಕೆ ಸುಸ್ತಾಗಿತ್ತು ಅಂತ ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ಅಷ್ಟು ನಗುವಿನ ನಡುವೆಯೂ ನಾಲ್ಕು ಜನ ಒಬ್ಬರನ್ನೊಬ್ಬರು ಕೈಬಿಡದೆ ನುಡಿಸುತ್ತಿದ್ದದ್ದು ಅವರಿಗೆ ಆ ಹೊತ್ತಿಗೆ ಕಂಡಿರಬೇಕು ಅನ್ನುವುದು ನನ್ನ ನಂಬಿಕೆ. ಜೊತೆಗೆ ನುಡಿಸುವುದು ಸಣ್ಣ ವಿದ್ಯೆ ಅಲ್ಲ ಅಂತ ನಾನು ಹೇಳುವಾಗ ಕಣ್ಣ ಮುಂದೆ ಬರುವುದು ಆ ಸಂಜೆಯೇ.

ಇವರ ನಾದ ಹೇಗಿತ್ತು? ಹಳೆಯ ಧ್ವನಿಮುದ್ರಣಗಳು ಇವೆ, ನೆಟ್‌ನಲ್ಲಿ ಸಿಗುತ್ತವೆ. ಈಗಿನ ಪಾಶ್ಚಾತ್ಯ ವಾದಕರು ಪ್ರತಿ ಉದ್ದ ಸ್ವರಕ್ಕೂ ಬೆರಳು ನಡುಗಿಸಿ ಕಂಪನ ಕೊಡುತ್ತಾರೆ. ರೋಜೆ ಅದನ್ನು ತೀರಾ ಕಡಿಮೆ ಬಳಸುತ್ತಾರೆ. ಸ್ವರ ನೆಟ್ಟಗೆ ನಿಂತಿರುತ್ತದೆ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಬೆರಳು ಜಾರುತ್ತದೆ. ಕೇಳಿದ ಕೂಡಲೇ ನಮ್ಮ ಕಿವಿಗೆ ಅದು ಮೀಂಡ್ ಅನ್ನಿಸುತ್ತದೆ. ನಾವು ನೆಲದ ಮೇಲೆ ಕೂತು ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿರುತ್ತೇವೆ. ವಾದ್ಯ ಅಲ್ಲಾಡುವುದಿಲ್ಲ, ಎಡಗೈ ಹಗುರ, ಹಾಗಾಗಿ ಎಷ್ಟು ದೂರ ಬೇಕಾದರೂ ಜಾರಬಹುದು. ಅವರು ಗದ್ದದ ಕೆಳಗೆ ಹಿಡಿದುಕೊಂಡು ಇದನ್ನು ಮಾಡಬೇಕು. ಹುಡುಗರೆ, ನಾಳೆಯ ಕ್ಲಾಸಿಗೆ ಬರುವ ಮೊದಲು ಒಮ್ಮೆ ಕೇಳಿ ಬನ್ನಿ.

1938ರ ಜನವರಿ 16. ಒಪೇರಾದ ವಾದಕರೇ ಸೇರಿ ನಡೆಸುವ ವಿಯೆನ್ನಾ ಫಿಲ್ಹಾರ್ಮೋನಿಕ್ ವಾದ್ಯವೃಂದ ಮಾಹ್ಲರನ ಒಂಬತ್ತನೆಯ ಸಿಂಫನಿ, ಅಂದರೆ ಇಡೀ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ, ನುಡಿಸಿತು. ಕಂಡಕ್ಟರ್ ಬ್ರೂನೋ ವಾಲ್ಟರ್. ಮೊದಲ ಕುರ್ಚಿಯಲ್ಲಿ 74 ವರ್ಷದ ರೋಜೆ. ಆ ಕಾರ್ಯಕ್ರಮ ಮುದ್ರಣ ಆಗಿದೆ, ಸಭಿಕರ ಕೆಮ್ಮು ಕೂಡ ಕೇಳುತ್ತದೆ. ಎರಡು ತಿಂಗಳೂ ಕಳೆಯಲಿಲ್ಲ, ಮಾರ್ಚ್ 12ಕ್ಕೆ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ಬಂತು. ಯಹೂದಿ ವಾದಕರನ್ನೆಲ್ಲ ತೆಗೆದುಹಾಕಿದರು. 57 ವರ್ಷ ಕೂತ ಕುರ್ಚಿಯಿಂದ ಇವರನ್ನೂ ಎಬ್ಬಿಸಿದರು. ಅದೇ ಆಗಸ್ಟ್‌ನಲ್ಲಿ ಹೆಂಡತಿ ತೀರಿಕೊಂಡರು. ಇನ್ನೊಂದು ಲೆಕ್ಕ ಹೇಳಬೇಕು. 1942ರ ಹೊತ್ತಿಗೆ ಆ ವಾದ್ಯವೃಂದದ 123 ಜನರಲ್ಲಿ 60 ಮಂದಿ ನಾಜಿ ಪಕ್ಷದ ಸದಸ್ಯರಾಗಿದ್ದರು. ಯಾರ ಕಮಾನು ನೋಡಿ ಕಮಾನು ಎತ್ತುತ್ತಿದ್ದರೋ ಅವರ ಕುರ್ಚಿ ಖಾಲಿಯಾದಾಗ ಇವರಿಗೆ ಏನೂ ಅನ್ನಿಸಲಿಲ್ಲವೇ? ಜೊತೆಗೆ ನುಡಿಸುವುದು ಅಂದರೆ ತಾಳ ತಪ್ಪದಿರುವುದು ಮಾತ್ರ ಅಲ್ಲ ಅಂತ ನನಗೆ ಇಲ್ಲಿ ಅನ್ನಿಸುತ್ತದೆ.

ಟೈಮ್ ಆಯ್ತು ಅಂತ ಚೀಟಿ ಬಂದಿದೆ. ಬೇಗ ಹೇಳುತ್ತೇನೆ.

ಮಗಳು ಆಲ್ಮಾ. 1906ರಲ್ಲಿ ಹುಟ್ಟಿದವಳು, ಅವಳೂ ಪಿಟೀಲು ವಾದಕಿ. 1932ರಲ್ಲಿ ಬರೀ ಹೆಣ್ಣುಮಕ್ಕಳ ವಾದ್ಯವೃಂದ ಕಟ್ಟಿ ಊರೂರು ತಿರುಗಿದಳು. ತಂದೆಯನ್ನು ಲಂಡನ್ನಿಗೆ ಕರೆಸಿಕೊಂಡಳು. ಸಂಪಾದನೆಗೆ ಅಂತ ಹಾಲೆಂಡಿಗೆ ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡಳು. ತಪ್ಪಿಸಿಕೊಳ್ಳುವ ದಾರಿಯಲ್ಲಿ ಫ್ರಾನ್ಸಿನಲ್ಲಿ ಹಿಡಿದರು. 1943ರಲ್ಲಿ ಆಶ್ವಿಟ್ಜ್, ನಾಜಿಗಳ ಸಾವಿನ ಶಿಬಿರ. ಅಲ್ಲಿನ ಹೆಂಗಸರ ವಾದ್ಯತಂಡವನ್ನು ಅವಳ ಕೈಗೆ ಕೊಟ್ಟರು. ಮ್ಯಾಂಡೊಲಿನ್, ಗಿಟಾರ್, ಅಕಾರ್ಡಿಯನ್, ಕೆಲವು ಪಿಟೀಲು, ಸಿಕ್ಕಿದ್ದೇ ವಾದ್ಯ. ಬಹಳ ಮಂದಿಗೆ ನೆಟ್ಟಗೆ ನುಡಿಸಲೂ ಬರುತ್ತಿರಲಿಲ್ಲ. ಕೂಲಿಗೆ ಹೋಗುವ ಕೈದಿಗಳ ಸಾಲು ಬೆಳಗ್ಗೆ ಗೇಟು ದಾಟುವಾಗ, ಸಂಜೆ ವಾಪಸ್ ಬರುವಾಗ ಅವರು ನುಡಿಸಬೇಕು. ಆಲ್ಮಾ ಆ ಹುಡುಗಿಯರನ್ನು ಒಂದು ಸ್ವರ ತಪ್ಪಿದರೂ ಬಿಡದೆ ತಿದ್ದಿದಳು. ತಂಡ ಚೆನ್ನಾಗಿದ್ದಷ್ಟು ದಿನ ಅವರ ಜೀವ ಉಳಿಯುತ್ತಿತ್ತು. ಚೆಲ್ಲೊ ನುಡಿಸುತ್ತಿದ್ದ ಅನಿತಾ ಲಾಸ್ಕರ್ ಸೇರಿ ಆ ತಂಡದ ಬಹಳಷ್ಟು ಹೆಣ್ಣುಮಕ್ಕಳು ಬದುಕಿ ಹೊರಗೆ ಬಂದರು. ಆಲ್ಮಾ ಬರಲಿಲ್ಲ. 1944ರ ಏಪ್ರಿಲ್‌ನಲ್ಲಿ ಅಲ್ಲೇ ತೀರಿಕೊಂಡಳು. ದೊಡ್ಡಪ್ಪ ಎಡುವಾರ್ಡ್ ಅದಕ್ಕೂ ಮೊದಲೇ, 1943ರಲ್ಲಿ, ಟೆರೇಜಿನ್‌ಸ್ಟಾಟ್ ಶಿಬಿರದಲ್ಲಿ ಹೋಗಿದ್ದರು.

ಲಂಡನ್ನಿನಲ್ಲಿ ರೋಜೆ ಏನು ಮಾಡುತ್ತಿದ್ದರು? ಅಲ್ಲಿಗೇ ಬಂದಿದ್ದ ಹಳೆಯ ಜೊತೆಗಾರ ಬುಕ್ಸ್‌ಬೌಮ್‌ರನ್ನು ಸೇರಿಸಿಕೊಂಡು ಮತ್ತೆ ಕ್ವಾರ್ಟೆಟ್ ಕಟ್ಟಿ 1945ರವರೆಗೆ ನುಡಿಸಿದರು. ಆಗ ವಯಸ್ಸು ಎಂಬತ್ತು ದಾಟಿತ್ತು. 1946ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು.

ಮಾಹ್ಲರನ ನಾಲ್ಕನೆಯ ಸಿಂಫನಿಯಲ್ಲಿ ಕನ್ಸರ್ಟ್‌ಮಾಸ್ಟರ್ ಎರಡು ಪಿಟೀಲು ಇಟ್ಟುಕೊಳ್ಳಬೇಕು, ಒಂದರ ತಂತಿಗಳನ್ನು ಒಂದು ಸ್ವರ ಏರಿಸಿರಬೇಕು. ಅದನ್ನು ನುಡಿಸಿ ತೋರಿಸೋಣ ಅಂತ ನಾನೂ ಎರಡು ತಂದಿದ್ದೆ. ಸಮಯ ಇಲ್ಲ, ಇನ್ನೊಮ್ಮೆ ನೋಡೋಣ. ಸಂಘಟಕರಲ್ಲಿ ಒಂದೇ ಕೋರಿಕೆ. ಮುಂದಿನ ತಿಂಗಳ ಕಾರ್ಯಕ್ರಮದ ಆಮಂತ್ರಣ ಪ್ರೆಸ್ಸಿಗೆ ಹೋಗುವ ಮೊದಲು ನನಗೊಂದು ಫೋನ್ ಮಾಡಿ. ಸಾಥ್ ಕೊಡುವವರ ಹೆಸರು, ಊರು, ಗುರುಗಳ ಹೆಸರು ಎಲ್ಲ ನಾನೇ ಬರೆದು ಕಳಿಸುತ್ತೇನೆ.

ಈಗ ನೀವು ಕೇಳಲಿರುವುದು ಎರಡು ಪಿಟೀಲಿಗಾಗಿ ಬಾಖ್ ಬರೆದ ಕನ್ಸರ್ಟೊ, ಅದರ ನಿಧಾನಗತಿಯ ನಡುಭಾಗ. 1920ರ ದಶಕದ ಕೊನೆಯ ಮುದ್ರಣ, ಸ್ವಲ್ಪ ಕರಕರ ಅನ್ನುತ್ತದೆ, ಅದಕ್ಕೆ ಕಿವಿ ಹೊಂದಿಸಿಕೊಳ್ಳಿ. ನುಡಿಸುತ್ತಿರುವವರು ತಂದೆ ಆರ್ನಾಲ್ಡ್ ಮತ್ತು ಮಗಳು ಆಲ್ಮಾ. ಒಬ್ಬರು ಬಿಟ್ಟ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾ ಹೋಗುತ್ತಾರೆ. ಪ್ರಶ್ನೆಗಳಿದ್ದರೆ ಇದು ಮುಗಿದ ಮೇಲೆ ತಗೊಳ್ಳೋಣ. ತಮ್ಮಾ, ಹಚ್ಚು.