ಇಂಪ್ಲಾಂಟ್‌ನ ಮೈ ಯಾಕೆ ಒರಟಾಗಿರಬೇಕು?

ಎಲ್ಲರಿಗೂ ನಮಸ್ಕಾರ.

ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಬೇರಿನ ಬದಲು ದವಡೆಯ ಮೂಳೆಗೆ ಹಾಕುವ ಟೈಟಾನಿಯಂ ಸ್ಕ್ರೂ. ಅದನ್ನು ಹಾಕಿಸಿಕೊಂಡವರು ದಂತವೈದ್ಯರನ್ನು ಕೇಳುವ ಒಂದು ಪ್ರಶ್ನೆಯಿದೆ. “ಸ್ಕ್ರೂ ಹಾಕಿ ಆಯ್ತಲ್ಲ ಡಾಕ್ಟ್ರೇ, ಹಲ್ಲು ಇವತ್ತೇ ಕೂರಿಸಿಬಿಡಿ.” ನ್ಯಾಯವಾದ ಪ್ರಶ್ನೆಯೇ. ಆದರೆ ಮೂಳೆ ಆ ಸ್ಕ್ರೂಗೆ ಕೂಡಿಕೊಳ್ಳುವವರೆಗೆ ಸಾಮಾನ್ಯವಾಗಿ ಕಾಯಬೇಕು. ಆ ಕಾಯುವ ಕಾಲ ಏನು, ಅದು ಹೇಗೆ ಕಡಿಮೆಯಾಯಿತು ಅನ್ನುವುದೇ ಇವತ್ತಿನ ಮಾತು.

1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕರು ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡುತ್ತಿದ್ದರು. ಅದಕ್ಕೆಂದು ಟೈಟಾನಿಯಂನ ಚಿಕ್ಕ ಸಾಧನವೊಂದನ್ನು ಮೂಳೆಯೊಳಗೆ ಇಟ್ಟಿದ್ದರು. ಕೊನೆಗೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದನ್ನು ತನ್ನದಾಗಿ ಮಾಡಿಕೊಂಡುಬಿಟ್ಟಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಗೋಸ್ಟಾ ಲಾರ್ಸನ್ ಎಂಬುವವರಿಗೆ ಮೊದಲ ಬಾರಿ ಟೈಟಾನಿಯಂನ ಇಂಥ ಹಲ್ಲಿನ ಬೇರುಗಳನ್ನು ಹಾಕಿದರು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ, ನಲವತ್ತು ವರ್ಷಕ್ಕೂ ಜಾಸ್ತಿ, ಅವು ಬಾಯಲ್ಲಿ ಕೆಲಸ ಮಾಡುತ್ತಿದ್ದವು.

ಆ ಕಾಲದ ಇಂಪ್ಲಾಂಟ್‌ಗಳು ಲೇತ್‌ನಲ್ಲಿ ಕಡೆದವು. ಮೈ ಹೆಚ್ಚುಕಡಿಮೆ ನುಣುಪು. ಅವು ಕೂಡಿಕೊಳ್ಳುತ್ತಿದ್ದವು, ಆದರೆ ನಿಧಾನವಾಗಿ. ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಕಾಯಬೇಕಿತ್ತು.

ಯಾಕೆ ನಿಧಾನ? ಮನೆ ಕಟ್ಟುವಾಗ ಗಾರೆಯವರನ್ನು ನೋಡಿದ್ದೀರಲ್ವಾ? ನುಣುಪಾದ ಕಾಂಕ್ರೀಟ್ ಕಂಬಕ್ಕೆ ಸುಮ್ನೆ ಗಾರೆ ಬಳಿಯುವುದಿಲ್ಲ. ಮೊದಲು ಉಳಿಯಿಂದ ಹೊಡೆದು ಒರಟು ಮಾಡುತ್ತಾರೆ. ಆಮೇಲೆ ನೀರು ಎರಚುತ್ತಾರೆ. ಇಂಪ್ಲಾಂಟ್ ಮಾಡುವವರೂ ಈ ಎರಡನ್ನೂ ಇದೇ ಕ್ರಮದಲ್ಲಿ ಕಲಿತರು. ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ಗಾರೆಗೆ ಜೀವವಿಲ್ಲ, ಮೂಳೆಗೆ ಇದೆ.

ಇಂಪ್ಲಾಂಟ್ ಒಳಗೆ ಹೋದ ಕೂಡಲೇ ರಕ್ತ ಅದನ್ನು ಸುತ್ತಿಕೊಂಡು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನಲ್ಲಿ ನೂಲಿನಂಥ ಎಳೆಗಳ ಬಲೆ ಇರುತ್ತದೆ. ಮೂಳೆ ಕಟ್ಟುವ ಜೀವಕೋಶಗಳು ಈ ಎಳೆಗಳನ್ನು ಹಿಡಿದುಕೊಂಡೇ ತೆವಳಿ ಬರುತ್ತವೆ. ನುಣುಪಾದ ಮೈಯಿಂದ ಎಳೆಗಳು ಸುಲಭವಾಗಿ ಕಿತ್ತುಕೊಳ್ಳುತ್ತವೆ. ಆಗ ಮೂಳೆ, ಇಂಪ್ಲಾಂಟ್‌ಗಾಗಿ ಕೊರೆದ ಗುಳಿಯ ಗೋಡೆಯಿಂದ ಶುರುವಾಗಿ ನಿಧಾನವಾಗಿ ಇಂಪ್ಲಾಂಟ್ ಕಡೆಗೆ ಬೆಳೆಯಬೇಕು. ಒರಟು ಮೈಯಲ್ಲಿ ಎಳೆಗಳು ಕಚ್ಚಿಕೊಂಡೇ ಇರುತ್ತವೆ. ಕೋಶಗಳು ಲೋಹದವರೆಗೂ ಬಂದು, ಅಲ್ಲಿಂದಲೇ ಮೂಳೆ ಕಟ್ಟಲು ಶುರು ಮಾಡುತ್ತವೆ. ಎರಡೂ ಕಡೆಯಿಂದ ಸೇತುವೆ ಕಟ್ಟಿದ ಹಾಗೆ.

ಒರಟು ಮಾಡುವ ವಿಧಾನಗಳು ಹಲವು. ಹೆಚ್ಚು ಬಳಕೆಯಲ್ಲಿರುವ ಒಂದರಲ್ಲಿ ಮೊದಲು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಗಾತ್ರದ ಗಟ್ಟಿ ಹರಳುಗಳನ್ನು ರಭಸವಾಗಿ ಎರಚುತ್ತಾರೆ. ದೊಡ್ಡ ಗುಳಿಗಳು ಬೀಳುತ್ತವೆ. ಆಮೇಲೆ ಆಸಿಡ್‌ನಲ್ಲಿ ಅದ್ದುತ್ತಾರೆ. ದೊಡ್ಡ ಗುಳಿಗಳೊಳಗೆ ಕೆಲವೇ ಮೈಕ್ರಾನ್ ಅಗಲದ ಪುಟ್ಟ ಗುಳಿಗಳು ಮೂಡುತ್ತವೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಅಂದಾಜು ಮಾಡಿಕೊಳ್ಳಿ. 1991ರಲ್ಲಿ ಪ್ರಕಟವಾದ, ಗಿಡ್ಡ ತಳಿಯ ಹಂದಿಗಳ ಮೇಲೆ ನಡೆದ ಪ್ರಯೋಗದಲ್ಲಿ ಇಂಥ ಮೈಯ ಶೇಕಡಾ 50ರಿಂದ 60 ಭಾಗಕ್ಕೆ ಮೂಳೆ ತಾಗಿತ್ತು. ಹೊಳಪು ಕೊಟ್ಟ ಮೈಗೆ ತಾಗಿದ್ದು 20ರಿಂದ 25 ಮಾತ್ರ. ಒಳ್ಳೆ ಮೂಳೆ ಇದ್ದವರಿಗೆ ಕಾಯುವ ಕಾಲ 6 ವಾರಕ್ಕೆ ಇಳಿಯಿತು.

ಇನ್ನು ನೀರು ಎರಚುವ ಮಾತು. ಟೈಟಾನಿಯಂ ಗಾಳಿಯಲ್ಲಿ ಇದ್ದರೆ ಗಾಳಿಯಲ್ಲಿರುವ ಇಂಗಾಲದ ಸಂಯುಕ್ತಗಳು ಅದರ ಮೇಲೆ ಕೂರುತ್ತವೆ. ಕಾಣದಷ್ಟು ತೆಳು ಜಿಡ್ಡು ಅದು. ನೀರಿಗೂ ರಕ್ತಕ್ಕೂ ಮೈ ಕೊಡುವುದಿಲ್ಲ. ಅದಕ್ಕೇ ಕೆಲವು ಇಂಪ್ಲಾಂಟ್‌ಗಳನ್ನು ಸಾರಜನಕದ ನಡುವೆ ತೊಳೆದು, ಉಪ್ಪುನೀರಿನಲ್ಲೇ ಮುಳುಗಿಸಿ ಪ್ಯಾಕ್ ಮಾಡುತ್ತಾರೆ. ಗಾಳಿಯೇ ತಾಗುವುದಿಲ್ಲ. ರಕ್ತ ಮುಟ್ಟಿದ ತಕ್ಷಣ ಹರಡಿ ಒದ್ದೆಯಾಗುತ್ತದೆ. ಇವುಗಳಿಂದ 3-4 ವಾರದಲ್ಲೇ ಹಲ್ಲು ಕೂರಿಸಲು ಸಾಧ್ಯವಾಗಿದೆ.

ಹಾಗಿದ್ದರೆ ಮೊದಲ ದಿನವೇ ಯಾಕೆ ಬೇಡ? ಆಗಲೂ ಗಟ್ಟಿ ಇರುತ್ತದಲ್ಲ? ಇರುತ್ತದೆ, ಆದರೆ ಅದು ಸ್ಕ್ರೂವಿನ ಸುತ್ತುಗಳ ಹಿಡಿತ ಮಾತ್ರ, ಮರಕ್ಕೆ ಹಾಕಿದ ಸ್ಕ್ರೂವಿನ ಹಾಗೆ. ಕೊರೆಯುವಾಗ ಪೆಟ್ಟಾದ ಹಳೆ ಮೂಳೆಯನ್ನು ದೇಹ ಕರಗಿಸುತ್ತದೆ. ಹೊಸದು ಇನ್ನೂ ಪೂರ್ತಿ ಬಂದಿರುವುದಿಲ್ಲ. 2ರಿಂದ 4ನೇ ವಾರದ ಹೊತ್ತಿಗೆ ಹಿಡಿತ ಕಡಿಮೆಯಾಗುತ್ತದೆ. ಆಗ ಜಾಸ್ತಿ ಅಲುಗಿದರೆ ಮೂಳೆಯ ಬದಲು ಮೆತ್ತನೆಯ ನಾರು ಬೆಳೆದುಬಿಡುತ್ತದೆ. ಮೇಲ್ಮೈ ಚಿಕಿತ್ಸೆಯ ದೊಡ್ಡ ಉಪಕಾರ ಇಲ್ಲೇ ಇದೆ. ಹೊಸ ಮೂಳೆ ಬೇಗ ಬಂದು ಆ ಹಳ್ಳವನ್ನು ತುಂಬುತ್ತದೆ. ಮೂಳೆ ತುಂಬ ಗಟ್ಟಿಯಿದ್ದಾಗ ಕೆಲವರಿಗೆ ಅದೇ ದಿನ ಹಲ್ಲು ಕೊಡುವುದೂ ಉಂಟು, ಆದರೆ ಎಲ್ಲರಿಗೂ ಅಲ್ಲ.

ಒರಟು ಹೆಚ್ಚಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಸರಾಸರಿ 1ರಿಂದ 2 ಮೈಕ್ರಾನ್ ಒರಟೇ ಹದ. ಮೂಳೆಯೊಳಗಿರುವವರೆಗೆ ಒರಟು ನೆಂಟ. ಒಸಡು, ಮೂಳೆ ಕೆಳಗಿಳಿದು ಅದು ಬಾಯಿಗೆ ತೆರೆದುಕೊಂಡರೆ ಅದೇ ಗುಳಿಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಅಲ್ಲಿಂದ ಕಿತ್ತು ತೆಗೆಯುವುದು ಬಹಳ ಕಷ್ಟ.

ಈಗ ಒಂದು ಇಂಪ್ಲಾಂಟನ್ನು ಕೈಯಿಂದ ಕೈಗೆ ದಾಟಿಸುತ್ತೇನೆ. ಮೈಯೆಲ್ಲ ಮಂಕಾದ ಬೂದು ಬಣ್ಣ. ಮೇಲ್ತುದಿಯಲ್ಲಿ ಮಾತ್ರ ಒಂದು ಹೊಳೆಯುವ ಪಟ್ಟಿ ಕಾಣುತ್ತದೆ. ಒಸಡು ಬಂದು ಕೂರುವ ಜಾಗ ಅದು. ಅಷ್ಟನ್ನು ನುಣುಪಾಗಿಯೇ ಬಿಟ್ಟಿದ್ದಾರೆ.