ಜಯನಗರದ 16 ಮತ ಮತ್ತು ಬಾರದೇ ಉಳಿದವರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಜಯನಗರದವರ ಮುಂದೆ ಜಯನಗರ ಕ್ಷೇತ್ರದ ಚುನಾವಣೆ ಬಗ್ಗೆ ಮಾತಾಡೋದು ಸ್ವಲ್ಪ ರಿಸ್ಕಿನ ಕೆಲಸ. ಕಳೆದ ಸಲ ಸೋಲು-ಗೆಲುವು ತೀರ್ಮಾನಿಸಿದ ಆ ಹದಿನಾರು ಮತ ಯಾರದ್ದು ಅಂತ ಇಲ್ಲಿ ಒಬ್ಬೊಬ್ಬರೂ ಒಂದೊಂದು ಲೆಕ್ಕ ಹೇಳುತ್ತಾರೆ.

ವಿಧಾನಸಭೆ ಚುನಾವಣೆಯ ಮತ ಎಣಿಕೆ ನಡೆದ 2023ರ ಮೇ 13ರ ರಾತ್ರಿ ನೆನಪಿದೆಯಲ್ವಾ? ರಾಜ್ಯದ ಫಲಿತಾಂಶವೆಲ್ಲ ಮಧ್ಯಾಹ್ನಕ್ಕೇ ಗೊತ್ತಾಗಿತ್ತು. ಎಸ್‌ಎಸ್‌ಎಂಆರ್‌ವಿ ಕಾಲೇಜಿನಲ್ಲಿ ಮಾತ್ರ ಜಯನಗರದ ಎಣಿಕೆ ಮುಗಿಯಲೇ ಇಲ್ಲ. ಮೊದಲು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಸ್ವಲ್ಪ ಮುಂದಿದ್ದರು. ಆಮೇಲೆ ಮರುಎಣಿಕೆ, ತಿರಸ್ಕರಿಸಿದ್ದ ಅಂಚೆ ಮತಗಳ ಬಗ್ಗೆ ಜಗಳ, ಹೊರಗೆ ಎರಡೂ ಕಡೆಯವರ ಗಲಾಟೆ, ಎಲ್ಲ ಆಗಿ ತಡರಾತ್ರಿ ಹೊತ್ತಿಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದರು ಅಂತ ಘೋಷಣೆಯಾಯಿತು. ರಾಮಮೂರ್ತಿಗೆ 57,797. ಸೌಮ್ಯಾ ರೆಡ್ಡಿಗೆ 57,781. ಅಂತರ 16. ಸುಮ್ನೆ ಒಂದು ಸಣ್ಣ ಅಪಾರ್ಟ್‌ಮೆಂಟಿನ ಎರಡು ಮಹಡಿ ಅಂದ್ಕೊಳ್ಳಿ.

ಈಗ ಇಬ್ಬರದ್ದನ್ನೂ ಕೂಡಿ ನೋಡಿ, 1,15,578. ಮತದಾರರ ಪಟ್ಟಿಯಲ್ಲಿದ್ದವರು ಎರಡು ಲಕ್ಷ ಚಿಲ್ಲರೆ. ಉಳಿದ ಅಭ್ಯರ್ಥಿಗಳಿಗೆ, ನೋಟಾಗೆ ಬಿದ್ದಿದ್ದು ಪುಡಿಗಾಸು. ಅಂದರೆ ಗೆದ್ದವರಿಗೆ ಬಿದ್ದ ಮತಕ್ಕಿಂತ ಬೀಳದೇ ಹೋದ ಮತವೇ ಎಷ್ಟೋ ಜಾಸ್ತಿ. ಹೀಗಿರುವಾಗ 'ಜಯನಗರ ಇಂಥ ಪಕ್ಷದ್ದು' ಅಂತ ಯಾರಾದರೂ ಹೇಳಿದರೆ ನಾನು ಕೇಳೋದು ಒಂದೇ: ಯಾವ ಜಯನಗರ, ಬಂದವರದ್ದಾ, ಬಾರದವರದ್ದಾ?

ಭದ್ರಕೋಟೆ ಅನ್ನೋ ಮಾತೂ ಅಷ್ಟೇ. ಜಯನಗರದ ಬ್ಲಾಕುಗಳು, ಜೆ.ಪಿ. ನಗರದ ಕಡೆ ಬಿಜೆಪಿ. ಗುರಪ್ಪನಪಾಳ್ಯ, ತಿಲಕ್‌ನಗರದ ಕಡೆ ಕಾಂಗ್ರೆಸ್. ಇದು ಆಟೋದವರಿಗೂ ಗೊತ್ತು, ಬಹಳ ಮಟ್ಟಿಗೆ ನಿಜವೂ ಹೌದು. ಆದರೆ 1989ರಿಂದ 2004ರವರೆಗೆ ಇಲ್ಲಿ ಗೆದ್ದಿದ್ದು ಕಾಂಗ್ರೆಸ್ಸಿನ ರಾಮಲಿಂಗಾ ರೆಡ್ಡಿ. 2008ರಲ್ಲಿ ಕ್ಷೇತ್ರದ ಗಡಿ ಬದಲಾಯಿತು, ಅವರು ಬಿಟಿಎಂ ಲೇಔಟ್‌ಗೆ ಹೋದರು, ಇಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್ ಎರಡು ಸಲ ಗೆದ್ದರು. 2018ರ ಪ್ರಚಾರದ ಮಧ್ಯೆ ಅವರು ತೀರಿಕೊಂಡರು, ಮತದಾನ ಜೂನ್‌ಗೆ ಹೋಯಿತು, ಅಷ್ಟರಲ್ಲಿ ಜೆಡಿಎಸ್ ತನ್ನ ಅಭ್ಯರ್ಥಿಯನ್ನು ಹಿಂದಕ್ಕೆ ಕರೆಸಿಕೊಂಡಿತು, ಸೌಮ್ಯಾ ರೆಡ್ಡಿ 2,889 ಮತದಿಂದ ಗೆದ್ದರು. ಐದು ವರ್ಷಕ್ಕೆ ಮತ್ತೆ ಬಿಜೆಪಿ. ಜನ ಇದ್ದಕ್ಕಿದ್ದಂತೆ ಸಿದ್ಧಾಂತ ಬದಲಿಸಿದರು ಅಂತ ನನಗೆ ಅನಿಸುವುದಿಲ್ಲ. ಗಡಿ ಬದಲಾಯಿತು, ಯಾರು ಕಣದಲ್ಲಿದ್ದರು ಅನ್ನುವುದು ಬದಲಾಯಿತು, ಯಾವ ಬೀದಿಯವರು ಬೂತಿಗೆ ಬಂದರು ಅನ್ನುವುದು ಬದಲಾಯಿತು.

ಇನ್ನು ಬೈಗುಳದ ವಿಷಯ. ಪ್ರತಿ ಸಲ ಮತದಾನದ ಮರುದಿನ ಬೆಂಗಳೂರಿನವರಿಗೆ ಟಿವಿಯಲ್ಲಿ ಮಂಗಳಾರತಿ. ಸೋಮಾರಿಗಳು, ರಜೆ ಸಿಕ್ಕರೆ ಕೂರ್ಗಿಗೆ ಹೋಗುವವರು ಅಂತ. 2023ರಲ್ಲಿ ಚುನಾವಣಾ ಆಯೋಗ ಬೇಕಂತಲೇ ಮತದಾನವನ್ನು ಬುಧವಾರ ಇಟ್ಟಿತು, ವಾರಾಂತ್ಯಕ್ಕೆ ಅಂಟಿಸಿ ಊರು ಬಿಡಬಾರದು ಅಂತ. ಬೆರಳಿನ ಶಾಯಿ ತೋರಿಸಿದರೆ ಫ್ರೀ ದೋಸೆ ಅಂತ ಹೋಟೆಲಿನವರೂ ಮುಂದೆ ಬಂದರು. ದೋಸೆಗೆ ನನ್ನ ಅಭ್ಯಂತರ ಇಲ್ಲ, ಆದರೆ ಅದನ್ನು ತಿನ್ನಲು ಬಂದವರು ಹೇಗೂ ಮತ ಹಾಕುವವರೇ. 2024ರ ಲೋಕಸಭೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತದಾನ ಸುಮಾರು 53 ಪರ್ಸೆಂಟ್. ಅದೇ ದಿನ ಮಂಡ್ಯದಲ್ಲಿ 81.

ಈ ವ್ಯತ್ಯಾಸವೆಲ್ಲ ಸೋಮಾರಿತನವಾ? ನಿಮ್ಮ ಬೂತಿನ ಮತದಾರರ ಪಟ್ಟಿ ಹಿಡಿದು ನಿಮ್ಮದೇ ರಸ್ತೆಯಲ್ಲಿ ಒಂದು ಸಲ ನಡೆದು ನೋಡಿ. ಪುಟಕ್ಕೆ ಮೂವತ್ತು ಚೌಕ, ಪ್ರತಿ ಚೌಕದಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು. ಮನೆ ನಂಬರು ಇರುತ್ತದೆ, ಆ ಮನೆ ಇರುವುದಿಲ್ಲ. ಕೆಡವಿ ನಾಲ್ಕು ಮಹಡಿ ಎಬ್ಬಿಸಿರುತ್ತಾರೆ. ಪಟ್ಟಿಯಲ್ಲಿರುವ ಅಜ್ಜಿ ತೀರಿಕೊಂಡು ವರ್ಷಗಳಾಗಿವೆ. ಮಗ ಅಮೆರಿಕದಲ್ಲಿ, ಮಗಳು ಮದುವೆಯಾಗಿ ಮಲ್ಲೇಶ್ವರದಲ್ಲಿ. ಮೇಲಿನ ಮಹಡಿಯ ಬಾಡಿಗೆಯವರು ಕೆಂಗೇರಿಗೆ ಹೋದರು, ಹೆಸರು ಇಲ್ಲೇ ಉಳಿಯಿತು. ಹೊಸದಾಗಿ ಬಂದ ಬಾಡಿಗೆಯವರ ಹೆಸರು ಇಲ್ಲವೇ ಇಲ್ಲ. ಮತದಾನದ ದಿನ ಬೂತಿನ ಅಧಿಕಾರಿ ಹತ್ತಿರ ಇನ್ನೊಂದು ಪಟ್ಟಿ ಇರುತ್ತದೆ, ಗೈರು, ಸ್ಥಳಾಂತರ, ಮೃತ ಅಂತ. ಆದರೆ ಆ ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ಅವರ ಹೆಸರು ಒಟ್ಟು ಸಂಖ್ಯೆಯಿಂದ ಹೋಗುವುದಿಲ್ಲ, ಪರ್ಸೆಂಟೇಜ್ ಲೆಕ್ಕ ಹಾಕುವಾಗ ಭಾಗಿಸುವ ಸಂಖ್ಯೆಯಲ್ಲಿ ಕೂತೇ ಇರುತ್ತದೆ. ಸತ್ತವರೂ ಸೋಮಾರಿಗಳ ಲೆಕ್ಕಕ್ಕೆ!

ಮಂಡ್ಯ, ಹಾಸನ, ಕೋಲಾರದಿಂದ ಬಂದವರ ಕತೆ ಬೇರೆ. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದರೂ ಓಟು ಊರಲ್ಲೇ. ಅಲ್ಲಿ ಅಪ್ಪನ ಮನೆ, ಜಮೀನು, ಪಂಚಾಯಿತಿ, ಯಾರಿಗೆ ಹಾಕಿದ ಅಂತ ಕೇಳುವ ದೊಡ್ಡಪ್ಪ. ಚುನಾವಣೆ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಮುಗಿಬೀಳುವವರು ಇವರೇ. ಅವರಲ್ಲಿ ಕೆಲವರ ಹೆಸರು ಎರಡೂ ಕಡೆ ಇರುತ್ತದೆ. ಹಾಗಿರುವಂತಿಲ್ಲ, ಕಾನೂನು ಒಪ್ಪುವುದಿಲ್ಲ, ಆದರೂ ಇರುತ್ತದೆ. ಊರಲ್ಲಿ ಮತ ಹಾಕಿದ ಅದೇ ಮನುಷ್ಯ ಮಂಡ್ಯದಲ್ಲಿ ಜಾಗೃತ ಮತದಾರ, ಬೆಂಗಳೂರಿನಲ್ಲಿ ಬೇಜವಾಬ್ದಾರಿ.

ಹಾಗಂತ ಎಲ್ಲರನ್ನೂ ಬಚಾವ್ ಮಾಡುತ್ತಿಲ್ಲ. ಮನೆಯಿಂದ ಬೂತಿಗೆ ಐದು ನಿಮಿಷದ ದಾರಿ ಇದ್ದು, ಸಂಜೆವರೆಗೆ ಸೋಫಾ ಬಿಡದೆ, ಆಮೇಲೆ ಫುಟ್‌ಪಾತ್ ಸರಿಯಿಲ್ಲ ಅಂತ ಗ್ರೂಪಿನಲ್ಲಿ ಉದ್ದುದ್ದ ಬರೆಯುವವರು ಖಂಡಿತ ಇದ್ದಾರೆ. ಆದರೆ ಎಷ್ಟು ಜನ ಅಂತ ಪಟ್ಟಿ ಚೊಕ್ಕ ಆಗುವವರೆಗೆ ಯಾರೂ ಹೇಳಲಾರರು. ನನಗಂತೂ ದೋಸೆಗಿಂತ ಪಟ್ಟಿ ಮುಖ್ಯ. ಮನೆ ಬದಲಿಸಿದರೆ ಫಾರ್ಮ್ 8, ತೀರಿಕೊಂಡವರ ಹೆಸರು ತೆಗೆಸಲು ಫಾರ್ಮ್ 7, ಹೊಸಬರಿಗೆ ಫಾರ್ಮ್ 6. ಮೂರೂ ಮೊಬೈಲಿನಲ್ಲೇ ಆಗುತ್ತದೆ.

ವಿಧಾನಸಭೆಯಲ್ಲೇ ಅಂತರ 16 ಆದರೆ ವಾರ್ಡಿನಲ್ಲಿ ಎಷ್ಟಾಗಬಹುದು, ಯೋಚಿಸಿ. ಬೆಂಗಳೂರಿನ ನಗರ ಪಾಲಿಕೆಯಾಗಿದ್ದ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದಿದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ವಾರ್ಡಿಗೆ ಸದಸ್ಯರೇ ಇರಲಿಲ್ಲ, 2025ರಲ್ಲಿ ಒಂದು ಪಾಲಿಕೆ ಐದಾಯಿತು. ವಾರ್ಡುಗಳ ಗಡಿಯನ್ನೂ ಹೊಸದಾಗಿ ಎಳೆದಿದ್ದಾರೆ, ಹಾಗಾಗಿ ಹಳೇ ಕೋಟೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಈಗ ಪ್ರಶ್ನೆಗಳಿದ್ದರೆ ಕೇಳಿ. ಆ ಹದಿನಾರು ಯಾರು ಅನ್ನುವುದೊಂದನ್ನು ಬಿಟ್ಟು.