ಒಂದೊಂದೇ ಕಣ್ಣು ಮುಚ್ಚಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಕೆಲಸ ಹೇಳುತ್ತೇನೆ, ದಯವಿಟ್ಟು ಮಾಡಿ. ಗಾಡಿ ಓಡಿಸುತ್ತಾ ಕೇಳುತ್ತಿರುವವರು ಮನೆಗೆ ಹೋದ ಮೇಲೆ ಮಾಡಿದರಾಯಿತು. ಎದುರಿನ ಗೋಡೆಯ ಮೇಲೆ ಕ್ಯಾಲೆಂಡರ್ ಇದೆಯೇ? ದೂರಕ್ಕೆ ಕನ್ನಡಕ ಬಳಸುವವರು ಹಾಕಿಕೊಳ್ಳಿ. ಬಲ ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಬಲಗಣ್ಣು ಮುಚ್ಚಿ. ರೆಪ್ಪೆಯನ್ನು ಒತ್ತಬೇಡಿ, ಬೆರಳ ಸಂದಿಯಿಂದ ಇಣುಕಬೇಡಿ. ಎಡಗಣ್ಣಿನಿಂದ ಇವತ್ತಿನ ತಾರೀಖು ಓದಿ. ಈಗ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದೇ ತಾರೀಖು ಓದಿ. ಎರಡರಲ್ಲೂ ಒಂದೇ ಸಮ ಕಂಡಿತೇ?

ನಾನು ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೇತ್ರಾಧಿಕಾರಿಯಾಗಿ ಕೆಲಸ ಮಾಡಿದವನು. ಆಪರೇಷನ್ ಮಾಡುವವರು ಡಾಕ್ಟರು. ನನ್ನದು ಅಕ್ಷರದ ಬೋರ್ಡಿನ ಪಕ್ಕ ಕೋಲು ಹಿಡಿದು ನಿಲ್ಲುವ ಕೆಲಸ, ನಂಬರು ನೋಡಿ ಕನ್ನಡಕಕ್ಕೆ ಬರೆದುಕೊಡುವ ಕೆಲಸ, ಶಿಬಿರಕ್ಕೆ ಊರೂರು ತಿರುಗುವ ಕೆಲಸ. ಎಷ್ಟೋ ಜನ ಹಿರಿಯರು ಸರದಿಗೆ ಕಾಯುತ್ತಾ ಕೂತಾಗಲೇ ಬೋರ್ಡಿನ ಅಕ್ಷರ ಬಾಯಿಪಾಠ ಮಾಡಿಕೊಂಡಿರುತ್ತಿದ್ದರು. ಒಂದು ಕಣ್ಣು ಮುಚ್ಚಿ ಅಂದರೆ ಬೆರಳು ಸ್ವಲ್ಪ ಸಡಿಲ ಬಿಟ್ಟು ನೋಡುತ್ತಿದ್ದರು. ಮೋಸ ಮಾಡಬೇಕು ಅಂತ ಅಲ್ಲ. "ಕಣ್ಣು ಹೋಗಿದೆ" ಅನ್ನಿಸಿಕೊಳ್ಳಲು ಭಯ. ಮಕ್ಕಳಿಗೆ ಖರ್ಚು, ಓಡಾಟ, ಯಾಕೆ ಅನ್ನುವ ಸಂಕೋಚ. ಕೇಳಿದರೆ ಬರುವ ಉತ್ತರ ಒಂದೇ: "ವಯಸ್ಸಾಯ್ತಲ್ಲಪ್ಪ, ಇನ್ನೇನು."

ಆ ಮಾತಿನ ಬಗ್ಗೆಯೇ ನಾನು ಇವತ್ತು ಮಾತಾಡಬೇಕು ಅಂತ ಬಂದಿರುವುದು. ವಯಸ್ಸಿನಿಂದ ಬರುವ ಬದಲಾವಣೆ ಇಲ್ಲ ಅಂತಲ್ಲ. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಬಿರುಸಾಗಿ, ಹತ್ತಿರದ ಅಕ್ಷರ ಮಂಜಾಗುತ್ತದೆ. ಪೇಪರನ್ನು ದೂರ ಹಿಡಿದು ಓದಲು ಶುರು ಮಾಡುತ್ತೇವೆ. ನಮ್ಮ ಹಿರಿಯರು ಅದಕ್ಕೆ ಹಾಕುವ ಕನ್ನಡಕವನ್ನು ಚಾಳೀಸು ಅಂತಲೇ ಕರೆದರು. ಚಾಳೀಸ್ ಅಂದರೆ ನಲವತ್ತು. ಇದು ಕಾಯಿಲೆಯಲ್ಲ, ಕನ್ನಡಕದಿಂದ ಸರಿಹೋಗುತ್ತದೆ. ಅದರ ಆಚೆಗೆ ಕಣ್ಣು ಮಂಜಾದರೆ ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಬಾರದು.

ಪೊರೆಯ ವಿಷಯ ನಿಮಗೆಲ್ಲ ಗೊತ್ತಿರುವುದೇ. ತಿಳಿಯಾಗಿದ್ದ ಮಸೂರ ನಿಧಾನವಾಗಿ ಮಬ್ಬಾಗುವುದು. ಭಾರತದಲ್ಲಿ ಹಿರಿಯರ ಕಣ್ಣು ಕತ್ತಲಾಗಲು ಮೊದಲ ಕಾರಣ ಇವತ್ತಿಗೂ ಇದೇ, ಪೂರ್ತಿ ಸರಿಪಡಿಸಬಹುದಾದ ಕಾರಣವೂ ಇದೇ. ಇದರಲ್ಲಿ ಒಂದು ವಿಚಿತ್ರ ಹಂತ ಇದೆ. ಎಪ್ಪತ್ತರ ಅಜ್ಜಿ ಒಂದು ದಿನ ಚಾಳೀಸು ಪಕ್ಕಕ್ಕಿಟ್ಟು ಬರಿಗಣ್ಣಲ್ಲಿ ಅಕ್ಕಿ ಆರಿಸಲು ಕೂರುತ್ತಾರೆ. "ನೋಡು, ನನ್ನ ಕಣ್ಣು ವಾಪಸ್ ಬಂತು" ಅಂತ ಸಂತೋಷ ಪಡುತ್ತಾರೆ. ಮನೆಯವರೂ ಸಂತೋಷ ಪಡುತ್ತಾರೆ. ಆದರೆ ಪೊರೆ ಗಟ್ಟಿಯಾಗುತ್ತಾ ಮಸೂರದ ಶಕ್ತಿ ಬದಲಾಗಿ, ಹತ್ತಿರದ್ದು ಕೆಲವು ಕಾಲ ಚೆನ್ನಾಗಿ ಕಾಣುತ್ತದೆ ಅಷ್ಟೇ. ದೂರದ್ದು ಅದೇ ಹೊತ್ತಿಗೆ ಮಂಜಾಗುತ್ತಿರುತ್ತದೆ. ಬಾಗಿಲಲ್ಲಿ ನಿಂತವರನ್ನು ಧ್ವನಿ ಕೇಳಿ ಗುರುತು ಹಿಡಿಯುತ್ತಿದ್ದಾರೆಯೇ, ಎದುರು ಬರುವ ಗಾಡಿಯ ಲೈಟಿಗೆ ಕಣ್ಣು ಕುಕ್ಕುತ್ತದೆ ಅನ್ನುತ್ತಾರೆಯೇ, ಗಮನಿಸಿ.

"ಪೊರೆ ಬಲಿಯಲಿ, ಆಮೇಲೆ ತೆಗೆಸೋಣ" ಅನ್ನುವ ಮಾತು ಇನ್ನೂ ಹಳ್ಳಿಗಳಲ್ಲಿದೆ. ಒಂದು ಕಾಲಕ್ಕೆ ಅದು ಸರಿಯೇ ಇತ್ತು. ಆಗ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು. ರೋಗಿ ದಿನಗಟ್ಟಲೆ ತಲೆ ಅಲುಗಿಸದೆ ಮಲಗಬೇಕಿತ್ತು, ಆಮೇಲೆ ಜೀವನವಿಡೀ ಸೋಡಾಬುಡ್ಡಿ ಕನ್ನಡಕ. ಆ ಕಾಲದಲ್ಲೇ ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ, ಒಂದೇ ದಿನ 833 ಪೊರೆ ಆಪರೇಷನ್ ಮಾಡಿ ದಾಖಲೆ ಬರೆದರು. ಆಸ್ಪತ್ರೆಯ ಮೆಟ್ಟಿಲು ಹತ್ತದ ಜನರ ಬಳಿಗೆ ಆಸ್ಪತ್ರೆಯೇ ಹೋಗಬೇಕು ಅನ್ನುವುದನ್ನು ನನ್ನ ತಲೆಮಾರಿನವರು ಕಲಿತದ್ದು ಅವರನ್ನು ನೋಡಿ.

ಈಗ ಕಾಲ ಬದಲಾಗಿದೆ. ಮಸೂರದ ಜಾಗಕ್ಕೆ ಕೃತಕ ಮಸೂರ ಇಡುತ್ತಾರೆ. ಅದನ್ನು ಮೊದಲು ಮಾಡಿದ್ದು 1949ರಲ್ಲಿ, ಲಂಡನ್ನಿನ ಹೆರಾಲ್ಡ್ ರಿಡ್ಲಿ ಅನ್ನುವ ಡಾಕ್ಟರು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪಾರದರ್ಶಕ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣೊಳಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಅವರು ನೋಡಿದ್ದರು. ಆ ಗಮನದಿಂದ ಹುಟ್ಟಿದ ಮಸೂರ ಇವತ್ತು ನಮ್ಮ ಅಜ್ಜಿಯರ ಕಣ್ಣಲ್ಲಿದೆ. ಈಗಿನ ಆಪರೇಷನ್ ಸಾಮಾನ್ಯವಾಗಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಪೊರೆ ಬಲಿಯಲಿ ಅಂತ ಕಾದರೆ ಈಗ ನಷ್ಟವೇ ಹೆಚ್ಚು. ಗಟ್ಟಿಯಾದ ಪೊರೆ ತೆಗೆಯುವುದು ಕಷ್ಟ, ಅತಿಯಾಗಿ ಬಲಿತರೆ ಕಣ್ಣಿನ ಒತ್ತಡ ಏರಿ ಕಣ್ಣಿಗೇ ಅಪಾಯ. ಚಳಿಗಾಲವೇ ಬರಬೇಕು ಅನ್ನುವುದೂ ಬೇಡ. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ನಡೆಯುತ್ತಿದೆ, ಅದರಡಿ ಈ ಆಪರೇಷನ್ ಉಚಿತವಾಗಿ ಆಗುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಆಪರೇಷನ್ ಆಗಿ ಕೆಲವು ತಿಂಗಳು, ಇಲ್ಲವೇ ಕೆಲವು ವರ್ಷ ಕಳೆದ ಮೇಲೆ ಮತ್ತೆ ಮಂಜಾದರೆ "ಮಸೂರ ಕೆಟ್ಟುಹೋಯಿತು" ಅಂತ ಕೂರಬೇಡಿ. ಮಸೂರದ ಹಿಂದಿನ ತೆಳು ಪದರ ಮಬ್ಬಾಗಿರುವ ಸಾಧ್ಯತೆ ಹೆಚ್ಚು. ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಸರಿಮಾಡುತ್ತಾರೆ.

ಪೊರೆಯಿಂದ ಹೋದ ನೋಟ ವಾಪಸ್ ಬರುತ್ತದೆ. ವಾಪಸ್ ಬಾರದ್ದನ್ನು ಈಗ ಹೇಳುತ್ತೇನೆ. ಇದು ನಮ್ಮ ಮನೆಯ ಕಥೆ.

ನಮ್ಮ ತಂದೆ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರು. ನಾನು ಪ್ರತಿ ವರ್ಷ ಅವರನ್ನು ಬೋರ್ಡಿನ ಮುಂದೆ ಕೂರಿಸುತ್ತಿದ್ದೆ. ಕೊನೆಯ ಸಾಲಿನ ಹಿಂದಿನ ಸಾಲಿನವರೆಗೂ ಓದುತ್ತಿದ್ದರು. ಅವರ ವಯಸ್ಸಿಗೆ ಅದು ಒಳ್ಳೆಯ ನೋಟ, ನಾನು ನೆಮ್ಮದಿಯಿಂದಿದ್ದೆ. ಅವರಿಗೆ ಎಪ್ಪತ್ತೆರಡು ಆದ ವರ್ಷ, ಊಟಕ್ಕೆ ಕೂತಾಗ ಎಡಗಡೆ ಇಟ್ಟ ಮಜ್ಜಿಗೆಯ ಲೋಟ ಉರುಳಿಸತೊಡಗಿದರು. ಬಾಗಿಲು ದಾಟುವಾಗ ಎಡ ಭುಜ ಚೌಕಟ್ಟಿಗೆ ತಾಗುತ್ತಿತ್ತು. ಅಮ್ಮ ಗದರುತ್ತಿದ್ದರು, "ನೋಡ್ಕೊಂಡು ನಡೀರಿ." ನಾನೂ ಅಂದುಕೊಂಡೆ, ವಯಸ್ಸಾಯ್ತಲ್ಲ.

ಮೂರನೇ ಸಲ ಲೋಟ ಉರುಳಿದ ದಿನ ಅವರನ್ನು ಎದುರಿಗೆ ಕೂರಿಸಿಕೊಂಡೆ. "ಅಪ್ಪ, ಬಲಗಣ್ಣು ಮುಚ್ಚಿ ನನ್ನ ಮೂಗನ್ನೇ ನೋಡ್ತಿರಿ, ಬೆರಳು ಕಂಡ ಕೂಡಲೇ ಹೇಳಿ" ಅಂದೆ. ಅವರ ಎಡಕಿವಿಯ ಕಡೆಯಿಂದ ಬೆರಳು ಆಡಿಸುತ್ತಾ ನಿಧಾನ ಮುಂದೆ ತಂದೆ. ಕಿವಿ ದಾಟಿತು, ಕೆನ್ನೆ ದಾಟಿತು. ಅವರು ಸುಮ್ಮನಿದ್ದರು. ನನ್ನ ಕೈ ನನ್ನ ಮೂಗಿನ ಹತ್ತಿರ ಬಂದಾಗ "ಹಾಂ, ಈಗ ಕಾಣ್ತು" ಅಂದರು. ನನ್ನ ಕೈ ನಡುಗಿತು. ಆ ಕಣ್ಣಿಗೆ ಉಳಿದಿದ್ದದ್ದು ಕೊಳವೆಯಲ್ಲಿ ನೋಡಿದಷ್ಟು ನೋಟ. ಆ ಕೊಳವೆಯಲ್ಲಿ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು, ಹಾಗಾಗಿ ಬೋರ್ಡು ಏನನ್ನೂ ಹೇಳಿರಲಿಲ್ಲ.

ಅದು ಗ್ಲಾಕೋಮಾ. ಕಣ್ಣೊಳಗೆ ಸದಾ ನೀರಿನಂಥ ದ್ರವ ಹುಟ್ಟಿ ಹರಿದುಹೋಗುತ್ತಿರುತ್ತದೆ. ಹರಿಯುವ ದಾರಿ ಕಟ್ಟಿದರೆ ಒತ್ತಡ ಏರಿ, ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸಾಯುತ್ತಾ ಬರುತ್ತದೆ. ಒತ್ತಡ ಮಾಮೂಲಿಯಾಗಿದ್ದರೂ ಕೆಲವರಲ್ಲಿ ನರ ಸೋಲುತ್ತದೆ. ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ. ಅಂಚಿನ ನೋಟ ಮೊದಲು ಹೋಗುತ್ತದೆ, ಒಂದು ಕಣ್ಣು ಕಳೆದುಕೊಂಡದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ನಾನು ಮಾಡಿದ ಬೆರಳಿನ ಪರೀಕ್ಷೆಯಲ್ಲಿ ಗೊತ್ತಾಗುವ ಹೊತ್ತಿಗೆ ಬಹಳ ಹೋಗಿಯೇ ಇರುತ್ತದೆ. ಮೊದಲೇ ಹಿಡಿಯಲು ಕಣ್ಣಿನ ಒತ್ತಡ ಅಳೆಯಬೇಕು, ಪಾಪೆಯ ಒಳಗಿಂದ ನರವನ್ನು ನೋಡಬೇಕು. ಹಾಗಾಗಿ ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿಸಿಕೊಂಡ ಮಾತ್ರಕ್ಕೆ ಕಣ್ಣು ತೋರಿಸಿದಂತಾಗಲಿಲ್ಲ. ನಲವತ್ತು ದಾಟಿದವರು ಎರಡು ವರ್ಷಕ್ಕೊಮ್ಮೆಯಾದರೂ, ಅರವತ್ತು ದಾಟಿದವರು ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರ ಬಳಿ ಹೋಗಿ, "ಒತ್ತಡವನ್ನೂ ನರವನ್ನೂ ನೋಡಿ" ಅಂತ ಬಾಯಿಬಿಟ್ಟು ಕೇಳಿ.

ಗ್ಲಾಕೋಮಾಕ್ಕೆ ಹನಿ ಕೊಡುತ್ತಾರೆ. ಇಲ್ಲೇ ಹೆಚ್ಚು ಜನ ಎಡವುವುದು. ಒಂದು ತಿಂಗಳು ಹಾಕಿ, "ಏನೂ ಹೆಚ್ಚು ಕಾಣಲಿಲ್ಲ" ಅಂತ ಬಿಟ್ಟುಬಿಡುತ್ತಾರೆ. ಹೋದದ್ದನ್ನು ತರುವ ಹನಿ ಅದಲ್ಲ. ಉಳಿದದ್ದನ್ನು ಕಾಯುವ ಹನಿ. ದಿನವೂ, ಹೊತ್ತಿಗೆ ಸರಿಯಾಗಿ ಬೀಳಬೇಕು. ಹಾಕುವ ರೀತಿಯನ್ನೂ ಹೇಳಿಬಿಡುತ್ತೇನೆ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಆ ಬಟ್ಟಲಿನಲ್ಲಿ ಒಂದೇ ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಔಷಧಿ ಗಂಟಲಿಗೆ ಇಳಿಯದೆ ಕಣ್ಣಲ್ಲೇ ನಿಲ್ಲುತ್ತದೆ. ಇನ್ನೊಂದು ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ.

ಔಷಧಿ ಅಂಗಡಿಯಲ್ಲಿ "ಕಣ್ಣು ಕೆಂಪಾಗಿದೆ, ಒಂದು ಹನಿ ಕೊಡಿ" ಅಂತ ಕೇಳಿ ತರುವ ಅಭ್ಯಾಸವನ್ನು ಬಿಡಿ ಅಂತ ಕೈಮುಗಿದು ಕೇಳುತ್ತೇನೆ. ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಾಕಿದ ಕೂಡಲೇ ಹಾಯೆನಿಸುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಒತ್ತಡವನ್ನೂ ಪೊರೆಯನ್ನೂ ಅದೇ ತರುತ್ತದೆ. ಭತ್ತದ ಗರಿ ಕಣ್ಣಿಗೆ ತಾಗಿ ಗಾಯವಾದಾಗ ಅದೇ ಹನಿ ಹಾಕಿದರೆ ಬೂಷ್ಟಿನ ಸೋಂಕು ಹಬ್ಬಿ ಕರಿಗುಡ್ಡೆಯೇ ಹುಣ್ಣಾಗಬಹುದು. ಕಣ್ಣಿಗೆ ಬಿದ್ದ ಕಸವನ್ನು ನಾಲಗೆಯಿಂದ ತೆಗೆಯುವುದು, ಹರಳೆಣ್ಣೆ, ಜೇನು, ಎದೆಹಾಲು ಬಿಡುವುದು, ಇವೂ ಬೇಡ.

ಸಕ್ಕರೆ ಕಾಯಿಲೆ ಇರುವವರ ಮಾತೇ ಬೇರೆ. ಕಣ್ಣಿನ ಹಿಂದಿನ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಸಕ್ಕರೆಯಿಂದ ಸೋರತೊಡಗುತ್ತವೆ. ನೋಟ ಚೆನ್ನಾಗಿರುವಾಗಲೇ ಇದು ಒಳಗೆ ನಡೆದಿರುತ್ತದೆ. ಸಕ್ಕರೆ ಇದೆ ಅಂತ ಗೊತ್ತಾದ ವರ್ಷದಿಂದಲೇ, ಏನೂ ತೊಂದರೆಯಿಲ್ಲದಿದ್ದರೂ, ವರ್ಷಕ್ಕೊಮ್ಮೆ ಹನಿ ಹಾಕಿಸಿ ಪಾಪೆ ಅಗಲ ಮಾಡಿಸಿ ನೋಡಿಸಬೇಕು. ಆ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ, ಬೈಕಿನಲ್ಲಿ ಒಬ್ಬರೇ ಹೋಗಬೇಡಿ. ಬೇಗ ಸಿಕ್ಕಿದರೆ ಲೇಸರ್ ಇದೆ, ಕಣ್ಣಿಗೆ ಕೊಡುವ ಇಂಜೆಕ್ಷನ್ ಇದೆ.

ಇನ್ನು ಕೆಲವು ಲಕ್ಷಣಗಳಿಗೆ ನಾಳೆ ನಾಡಿದ್ದು ಅನ್ನುವಂತಿಲ್ಲ. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ, ಮಿಂಚು, ಒಂದು ಬದಿಯಿಂದ ಪರದೆ ಇಳಿದಂತೆ ಆಗುವುದು; ಕಣ್ಣು ಕೆಂಪಾಗಿ ಸಿಡಿಯುವ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು; ಒಂದು ಕಣ್ಣಿನ ನೋಟ ದಿಢೀರನೆ ಹೋಗುವುದು. ಇವು ಕಂಡ ದಿನವೇ ಆಸ್ಪತ್ರೆಗೆ ಹೊರಡಬೇಕು. ಕಿಟಕಿಯ ಸರಳನ್ನು ಒಂದೊಂದೇ ಕಣ್ಣಿನಿಂದ ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ನೆಟ್ಟಗಿನ ಸರಳು ನಡುವೆ ಸೊಟ್ಟಗಾದಂತೆ ಕಂಡರೆ ಅಕ್ಷಿಪಟಲದ ನಟ್ಟನಡುವಿನ ಭಾಗಕ್ಕೆ ಪೆಟ್ಟು ಬಿದ್ದಿರಬಹುದು, ಅದಕ್ಕೂ ತಡ ಮಾಡುವಂತಿಲ್ಲ. ಬೀಡಿ ಸಿಗರೇಟು ಸೇದುವವರಿಗೆ ಈ ಕಾಯಿಲೆ ಹೆಚ್ಚು.

ಏನು ತಿನ್ನಬೇಕು ಅಂತ ಎಲ್ಲರೂ ಕೇಳುತ್ತಾರೆ. ನುಗ್ಗೆಸೊಪ್ಪು, ಹೊನಗೊನ್ನೆ, ಪಾಲಕ್, ಪಪ್ಪಾಯಿ, ಮೀನು ತಿನ್ನುವವರು ಮೀನು, ಧಾರಾಳವಾಗಿ ತಿನ್ನಿ. ಆದರೆ ಕ್ಯಾರೆಟ್ ತಿಂದು ಪೊರೆ ಕರಗಿದ್ದನ್ನು ನಾನು ಕಂಡಿಲ್ಲ. ಬಿಸಿಲಿಗೆ ಹೋಗುವಾಗ ಟೋಪಿಯೋ ಕೊಡೆಯೋ ಇರಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಬಚ್ಚಲಿಗೆ ಒಳ್ಳೆಯ ಬಲ್ಬು ಹಾಕಿಸಿ, ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ ಬಳಿಯಿರಿ. ಸರಿಯಾಗಿ ಕಾಣದೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ನಮ್ಮ ಆಸ್ಪತ್ರೆಯಲ್ಲಿ ಎಷ್ಟು ಜನರನ್ನು ನೋಡಿದ್ದೇನೋ.

ನಮ್ಮ ತಂದೆ ಆಮೇಲೆ ಹನ್ನೊಂದು ವರ್ಷ ಬದುಕಿದರು. ಎಡಗಣ್ಣಿಗೆ ಹೋದದ್ದು ಬರಲಿಲ್ಲ. ಬಲಗಣ್ಣಿಗೂ ಶುರುವಾಗಿತ್ತು, ಅದು ಅಲ್ಲಿಗೇ ನಿಂತಿತು. ರಾತ್ರಿ ಒಂಬತ್ತಾದರೆ ಅಮ್ಮ ಹನಿಯ ಬಾಟಲಿ ಹಿಡಿದು ಬರುತ್ತಿದ್ದರು; ಊರಿಗೆ ಹೋದರೂ, ಮದುವೆ ಮನೆಯಲ್ಲಿದ್ದರೂ ಒಂದು ದಿನ ತಪ್ಪಲಿಲ್ಲ. ಕೊನೆಯ ವಾರದವರೆಗೂ ಅವರು ಪೇಪರು ಓದಿದರು.

ಈ ಕಾಯಿಲೆ ಮನೆತನದಲ್ಲಿ ಹರಿದು ಬರುತ್ತದೆ. ಅಪ್ಪ ಅಮ್ಮನಿಗೋ ಒಡಹುಟ್ಟಿದವರಿಗೋ ಇದ್ದರೆ ನಮಗೆ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಅಪ್ಪನಿಗೆ ಗೊತ್ತಾದ ಮರುವರ್ಷದೊಳಗೆ ನಾವು ಮೂವರು ಮಕ್ಕಳೂ ಪರೀಕ್ಷೆ ಮಾಡಿಸಿಕೊಂಡೆವು. ನನಗೂ ತಮ್ಮನಿಗೂ ಇರಲಿಲ್ಲ. ತಂಗಿಗೆ ಆಗ ನಲವತ್ತಾರು. ಒತ್ತಡ ಏರಿತ್ತು, ನರ ಆಗಷ್ಟೇ ಸವೆಯಲು ಶುರುವಾಗಿತ್ತು, ನೋಟ ಒಂದು ಚೂರೂ ಹೋಗಿರಲಿಲ್ಲ. ಹದಿನಾರು ವರ್ಷದಿಂದ ಹನಿ ಹಾಕಿಕೊಳ್ಳುತ್ತಿದ್ದಾಳೆ. ಇವತ್ತಿಗೂ ಎರಡೂ ಕಣ್ಣಿನಲ್ಲಿ, ಎರಡೂ ಬದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಅವಳ ಮಗನಿಗೆ ಈ ವರ್ಷ ನಲವತ್ತು ತುಂಬುತ್ತದೆ. ಮುಂದಿನ ಬುಧವಾರ ಅವನನ್ನು ನಾನೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

ನಮಸ್ಕಾರ.